ಪಿಸ್ಟನ್ ತೂಕ, ಸ್ಪ್ರಿಂಗ್ ಬಲ: ಏರ್ ರೈಫಲ್ ಟ್ಯೂನಿಂಗ್‌ನ ಬೆಂಚ್ ಟಿಪ್ಪಣಿ

ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಸ್ಪ್ರಿಂಗ್ ಪಿಸ್ಟನ್ ಅನ್ನು ಮುಂದಕ್ಕೆ ನೂಕುತ್ತದೆ, ಪಿಸ್ಟನ್ ಅದುಮಿದ ಗಾಳಿ ಪೆಲೆಟ್ ಎಂಬ ಪುಟ್ಟ ಗುಂಡನ್ನು ಹಾರಿಸುತ್ತದೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ರೈಫಲ್ ಜೋರಾಗಿ ಹೊಡೆಯುತ್ತದೆ ಎಂದುಕೊಂಡು ಟ್ಯೂನಿಂಗ್‌ಗೆ ಕೈ ಹಾಕುವವರೇ ಹೆಚ್ಚು. ಸ್ವಲ್ಪ ದೂರದವರೆಗೆ ಅದು ನಿಜವೂ ಹೌದು. ಆಮೇಲೆ ಪೆಲೆಟ್ ವೇಗ ಏರುವುದು ನಿಲ್ಲುತ್ತದೆ, ಒದೆತ ಮಾತ್ರ ಏರುತ್ತಾ ಹೋಗುತ್ತದೆ. ಗ್ರೂಪ್ (ಗುರಿಯ ಮೇಲೆ ಬಿದ್ದ ಹೊಡೆತಗಳ ಗುಚ್ಛ) ಚದುರುತ್ತದೆ, ಸ್ಕೋಪ್ ಮೌಂಟ್ ಜರುಗುತ್ತದೆ, ಪಿಸ್ಟನ್ ತುದಿಯಲ್ಲಿ ಗಾಳಿ ತಡೆಯುವ ಸೀಲ್ ಹರಿಯುತ್ತದೆ. ಎಷ್ಟು ಶಕ್ತಿ ಕೂಡಿಡಬೇಕು ಎಂಬುದು ಸ್ಪ್ರಿಂಗ್‌ನ ಕೆಲಸ. ಆ ಶಕ್ತಿ ಎಷ್ಟು ಹೊತ್ತಿನಲ್ಲಿ, ಯಾವ ಬಗೆಯಲ್ಲಿ ಗಾಳಿಗೆ ದಾಟಬೇಕು ಎಂಬುದು ಪಿಸ್ಟನ್ ತೂಕದ ಕೈಯಲ್ಲಿದೆ. ಇವೆರಡನ್ನೂ ನೀವು ಬಳಸುವ ಪೆಲೆಟ್‌ಗೆ ಹೊಂದಿಸುವುದೇ ಟ್ಯೂನಿಂಗ್.

ಇಲ್ಲಿನ ಲೆಕ್ಕವೆಲ್ಲ 26 ಮಿಮೀ ಸಿಲಿಂಡರ್, 81 ಮಿಮೀ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇರುವ, ನಳಿಗೆಯ ಕೆಳಗಿನ ಲಿವರ್ ಎಳೆದು ಕಾಕ್ ಮಾಡುವ, ಅಂದರೆ ಸ್ಪ್ರಿಂಗ್ ಅದುಮಿ ನಿಲ್ಲಿಸುವ, ಅಂಡರ್‌ಲಿವರ್ ರೈಫಲ್‌ಗೆ ಮಾಡಿದ್ದು. ಇದು ಜರ್ಮನಿಯ ವೈರೌಖ್ 77 ಮತ್ತು 97ರ ಗುಂಪಿನ ಅಳತೆ. ನಳಿಗೆಯ ಒಳವ್ಯಾಸ 4.5 ಮಿಮೀ, ಸ್ಕೋಪ್ ಸೇರಿ ರೈಫಲ್‌ನ ತೂಕ 4.5 ಕೆಜಿ. ನಿಮ್ಮದು ನಳಿಗೆ ಮಡಚಿ ಕಾಕ್ ಮಾಡುವ ದೇಶೀ ರೈಫಲ್ ಆಗಿದ್ದರೆ ಅಂಕಿಗಳು ಬದಲಾಗುತ್ತವೆ, ಸೂತ್ರಗಳು ಬದಲಾಗುವುದಿಲ್ಲ. ಅಳತೆ ಮಾತ್ರ ನಿಮ್ಮ ಕೈಯಿಂದಲೇ ತೆಗೆದದ್ದಾಗಿರಬೇಕು.

ಕೆಲಸಕ್ಕೆ ಮೊದಲು ಕಾನೂನಿನ ಗೆರೆ ಎಲ್ಲಿದೆ ಎಂದು ತಿಳಿದಿರಲಿ. ಭಾರತದಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್‌ಗನ್‌ನ ಶಕ್ತಿ, ಅಂದರೆ ನಳಿಗೆಯಿಂದ ಹೊರಡುವ ಪೆಲೆಟ್‌ನ ಶಕ್ತಿ, 20 ಜೂಲ್ ದಾಟಿದರೆ, ಅಥವಾ ನಳಿಗೆ 4.5 ಮಿಮೀಗಿಂತ ದೊಡ್ಡದಾದರೆ, ಲೈಸೆನ್ಸ್ ಬೇಕು. ಬ್ರಿಟನ್‌ನಲ್ಲಿ ಮಿತಿ 12 ಅಡಿ-ಪೌಂಡ್, ಅಂದರೆ 16.27 ಜೂಲ್. ಜರ್ಮನಿಯಲ್ಲಿ ಪಂಚಕೋನದೊಳಗೆ ‘ಎಫ್’ ಗುರುತು ಇರುವ ರೈಫಲ್‌ಗಳಿಗೆ 7.5 ಜೂಲ್. 8.44 ಗ್ರೇನ್, ಅಂದರೆ 0.547 ಗ್ರಾಂ ತೂಗುವ ಪೆಲೆಟ್‌ನಲ್ಲಿ ಈ ಮೂರು ಮಿತಿಗಳು ಸೆಕೆಂಡಿಗೆ ಸುಮಾರು 270, 244 ಮತ್ತು 166 ಮೀಟರ್ ವೇಗಕ್ಕೆ ಸಮ. ಕಾಗದದ ಗುರಿಗೆ 50 ಮೀಟರ್ ಒಳಗೆ ಹೊಡೆಯುವವರಿಗೆ 11ರಿಂದ 15 ಜೂಲ್ ಧಾರಾಳವಾಗಿ ಸಾಕು. ಅದರಾಚೆ ಸ್ಪ್ರಿಂಗ್ ರೈಫಲ್ ಸಂಭಾಳಿಸುವುದು ಕಷ್ಟವಾಗುತ್ತದೆಯೇ ಹೊರತು ಗುರಿ ಸುಧಾರಿಸುವುದಿಲ್ಲ.

ಒಳಗೆ ನಡೆಯುವುದು

ಟ್ರಿಗರ್ ಎಳೆದ ಮೇಲೆ ಸುಮಾರು 9 ಮಿಲಿಸೆಕೆಂಡ್ ಪಿಸ್ಟನ್ ಮುಂದಕ್ಕೆ ಓಡುತ್ತದೆ. ಅದರಲ್ಲಿ ಬಹುಪಾಲು ಹೊತ್ತು ಪೆಲೆಟ್ ಕದಲುವುದೇ ಇಲ್ಲ. 43 ಸಿಸಿ ಗಾಳಿ ಅದುಮಿಕೊಂಡು, ಕಡೆಯ ಕೆಲವೇ ಮಿಲಿಮೀಟರ್‌ಗಳಲ್ಲಿ ಒತ್ತಡ ಒಮ್ಮೆಲೇ ಏರುತ್ತದೆ. ನೂರು ಬಾರ್ ಮುಟ್ಟಿತು ಎಂದಿಟ್ಟುಕೊಳ್ಳಿ. 26 ಮಿಮೀ ವ್ಯಾಸದ ಮುಖದ ಮೇಲೆ ಅದು ಸುಮಾರು 5,300 ನ್ಯೂಟನ್, ಅಂದರೆ 540 ಕೆಜಿ ಭಾರದಷ್ಟು ಬಲ. ಆ ಹೊತ್ತಿನಲ್ಲಿ ಸ್ಪ್ರಿಂಗ್ ಮುಂದಕ್ಕೆ ತಳ್ಳುತ್ತಿರುವುದು ಬರೀ 21 ಕೆಜಿಯಷ್ಟು. ಈ ಜಗ್ಗಾಟದಲ್ಲಿ ಸ್ಪ್ರಿಂಗ್ ಲೆಕ್ಕಕ್ಕೇ ಇಲ್ಲ. ಗಾಳಿಯನ್ನು ಕೊನೆಯವರೆಗೆ ಅದುಮುವುದು ಪಿಸ್ಟನ್ ಅಷ್ಟರಲ್ಲಿ ಗಳಿಸಿಕೊಂಡಿರುವ ಓಟ. ಅದಕ್ಕೇ ತೂಕಕ್ಕೆ ಇಷ್ಟು ಮಹತ್ವ.

ಸಿಲಿಂಡರ್‌ನ ತುದಿಗೆ ಎರಡು ಮೂರು ಮಿಮೀ ಇರುವಾಗ ಪಿಸ್ಟನ್ ಗಾಳಿಯ ಮೆತ್ತೆಗೆ ಬಡಿದು ನಿಲ್ಲುತ್ತದೆ, ಹಿಂದಕ್ಕೆ ಪುಟಿಯುತ್ತದೆ, ಮತ್ತೆ ಮುಂದೆ ಬಂದು ಕೂರುತ್ತದೆ. ಪೆಲೆಟ್ ಹೊರಡುವುದು ಒತ್ತಡ ಶಿಖರಕ್ಕೆ ಬರುವ ಆಸುಪಾಸಿನಲ್ಲಿ. ಹಗುರ ಪಿಸ್ಟನ್ ಬೇಗ ಸೋತು ಹೆಚ್ಚು ದೂರ ಹಿಂದೆ ಪುಟಿಯುತ್ತದೆ. ಪೆಲೆಟ್ ಇನ್ನೂ ನಳಿಗೆಯಲ್ಲಿರುವಾಗಲೇ ಅದರ ಹಿಂದಿನ ಒತ್ತಡ ಕುಸಿಯುತ್ತದೆ. ಭಾರದ ಪಿಸ್ಟನ್ ಸುಲಭವಾಗಿ ಸೋಲುವುದಿಲ್ಲ. ಆದರೆ ಪೆಲೆಟ್ ಸಡಿಲವಾಗಿದ್ದು ಗಾಳಿ ಬೇಗ ಹೊರಹೋದರೆ ಅದನ್ನು ತಡೆಯಲು ಮೆತ್ತೆಯೇ ಉಳಿದಿರುವುದಿಲ್ಲ, ನೇರ ಹೋಗಿ ಸಿಲಿಂಡರ್ ತುದಿಗೆ ಗುದ್ದುತ್ತದೆ. ಟ್ಯೂನಿಂಗ್ ಮಾಡುವವರು ಪುಟಿತ, ಗುದ್ದು ಎಂದು ಪದೇ ಪದೇ ಹೇಳುವುದು ಈ ಎರಡನ್ನೇ. ಸರಿಯಾದ ತೂಕ ಇವೆರಡರ ನಡುವೆ ಎಲ್ಲೋ ಇರುತ್ತದೆ.

ಬಿಚ್ಚುವ ಮೊದಲು

ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ಈ ಕೆಲಸ ಮಾಡಬೇಡಿ. ಕಿವಿ, ಕೈ ಎರಡೂ ಮೋಸ ಮಾಡುತ್ತವೆ. ಗಲಾಟೆ ಕಡಿಮೆಯಾದ ರೈಫಲ್ ನಿಧಾನವಾಗಿದೆ ಎಂದೇ ಅನಿಸುತ್ತದೆ. ನಳಿಗೆಯ ತುದಿಯಿಂದ ಪ್ರತಿಸಲ ಒಂದೇ ದೂರದಲ್ಲಿ, ಒಂದೇ ಡಬ್ಬಿಯ ಪೆಲೆಟ್‌ನಲ್ಲಿ ಹತ್ತು ಹೊಡೆತ ಹೊಡೆದು ಸರಾಸರಿಯನ್ನೂ, ಅತಿ ಹೆಚ್ಚು ಅತಿ ಕಡಿಮೆ ವೇಗಗಳ ಅಂತರವನ್ನೂ ಬರೆದಿಡಿ. ಮೂರು ತೂಕದ ಪೆಲೆಟ್ ಇರಲಿ: 7.87, 8.44 ಮತ್ತು 10.34 ಗ್ರೇನ್. ಮೂರಕ್ಕೂ ಶಕ್ತಿ ಎಷ್ಟೆಂದು ಲೆಕ್ಕ ಹಾಕಿ. ಪೆಲೆಟ್ ತೂಕವನ್ನು ಕಿಲೋಗ್ರಾಂಗೆ ತಂದು, ವೇಗದ ವರ್ಗದಿಂದ ಗುಣಿಸಿ, ಅರ್ಧ ಮಾಡಿದರೆ ಜೂಲ್ ಬರುತ್ತದೆ.

ಈ ಮೂರು ಅಂಕಿಗಳೇ ಪಿಸ್ಟನ್ ತೂಕದ ಬಗ್ಗೆ ಮೊದಲ ಸುಳಿವು. ಹಗುರ ಪೆಲೆಟ್‌ನಲ್ಲಿ ಶಕ್ತಿ ಹೆಚ್ಚಿದ್ದು ಭಾರದ ಪೆಲೆಟ್‌ಗೆ ಹೋಗುವಾಗ ಜಾರುತ್ತಿದ್ದರೆ ಪಿಸ್ಟನ್ ಹಗುರ ಎಂದು ಅನುಮಾನಿಸಿ. ತಿರುಗುಮುರುಗಾಗಿ, ಭಾರದ ಪೆಲೆಟ್‌ನಲ್ಲಿ ಶಕ್ತಿ ಚೆನ್ನಾಗಿದ್ದು ಹಗುರದರಲ್ಲಿ ಒರಟು ಗುದ್ದು ಬರುತ್ತಿದ್ದರೆ ಪಿಸ್ಟನ್ ಭಾರವಾಗಿದೆ.

ಸೋರಿಕೆಯನ್ನೂ ಈಗಲೇ ನೋಡಿಕೊಳ್ಳಿ. ನಳಿಗೆ ಮತ್ತು ಸಿಲಿಂಡರ್ ಸೇರುವ ಜಾಗದ ಮೇಲೆ ಟಿಶ್ಯೂ ಕಾಗದದ ತೆಳು ಪಟ್ಟಿ ಇಟ್ಟು ಹೊಡೆಯಿರಿ. ಕಾಗದ ಹಾರಿದರೆ ಬ್ರೀಚ್ ಸೀಲ್ ಹೋಗಿದೆ. ಅದನ್ನು ಸರಿಮಾಡದೆ ಸ್ಪ್ರಿಂಗ್ ಬದಲಿಸಿದರೆ ಸೋರುವ ಕೊಡಕ್ಕೆ ದೊಡ್ಡ ನಲ್ಲಿ ಹಾಕಿದ ಹಾಗೆ.

ಬಿಚ್ಚುವುದು

ಪೆಲೆಟ್ ಇಲ್ಲ, ಕಾಕ್ ಆಗಿಲ್ಲ ಎಂದು ಎರಡು ಸಲ ಖಚಿತಪಡಿಸಿಕೊಳ್ಳಿ. ಸ್ಟಾಕ್‌ನ ಮುಂದಿನ ಎರಡು ಸ್ಕ್ರೂ, ಟ್ರಿಗರ್ ಗಾರ್ಡ್‌ನ ಸ್ಕ್ರೂ ತೆಗೆದರೆ ಮರ ಬೇರೆಯಾಗುತ್ತದೆ. ಟ್ರಿಗರ್ ಘಟಕ ಎರಡು ಅಡ್ಡ ಪಿನ್‌ಗಳ ಮೇಲೆ ನಿಂತಿದೆ. ಅದನ್ನು ಇಳಿಸುವಾಗ ಸೇಫ್ಟಿ ಗುಂಡಿ ತನ್ನ ಪುಟ್ಟ ಸ್ಪ್ರಿಂಗ್ ಜೊತೆ ಹಾರುತ್ತದೆ. ಹೆಬ್ಬೆರಳು ಒತ್ತಿ ಹಿಡಿಯದಿದ್ದರೆ ಅರ್ಧ ದಿನ ಬೆಂಚಿನ ಕೆಳಗೆ ಹುಡುಕುತ್ತಾ ಕೂರಬೇಕು.

ಈ ಗುಂಪಿನ ರೈಫಲ್‌ಗಳಲ್ಲಿ ಹಿಂದಿನ ಬ್ಲಾಕ್ ಸಿಲಿಂಡರ್‌ಗೆ ತಿರುಪಿನಿಂದ ಕೂತಿರುತ್ತದೆ. ತಿರುಪು ಬಿಡಿಸುತ್ತಾ ಹೋದ ಹಾಗೆ ಸ್ಪ್ರಿಂಗ್ ಸಡಿಲವಾಗುತ್ತದೆ ನಿಜ, ಆದರೆ ಕೊನೆಯ ಎಳೆ ಬಿಡುವಾಗಲೂ ಒಳಗೆ ಒತ್ತಡ ಉಳಿದಿರಬಹುದು. ಹಿಂದಿನ ಮಾಲೀಕರು ಯಾವ ಸ್ಪ್ರಿಂಗ್ ತುರುಕಿದ್ದಾರೋ ಯಾರಿಗೆ ಗೊತ್ತು. ಕಾರ್ಪೆಂಟರ್‌ಗಳ ಉದ್ದನೆಯ ಸ್ಯಾಶ್ ಕ್ಲಾಂಪ್, ಎರಡು ತುದಿಗೆ ಮರದ ತುಂಡು, ಇಷ್ಟು ಇದ್ದರೆ ಸ್ಪ್ರಿಂಗ್ ಕಂಪ್ರೆಸರ್ ತಯಾರು. ಅಡ್ಡ ಪಿನ್‌ಗಳಿಂದ ಬ್ಲಾಕ್ ಹಿಡಿದಿರುವ ಡಯಾನಾ ಮಾದರಿಯ ರೈಫಲ್‌ಗಳಲ್ಲಂತೂ ಕಂಪ್ರೆಸರ್ ಇಲ್ಲದೆ ಪಿನ್ ತಟ್ಟಲೇಬಾರದು. ಪಿನ್ ಬಿಟ್ಟ ಕ್ಷಣ ಬ್ಲಾಕ್ ಗುಂಡಿನ ಹಾಗೆ ಹಿಂದೆ ಬರುತ್ತದೆ. ಕಣ್ಣಿಗೆ ಕನ್ನಡಕ, ಕ್ಲಾಂಪ್‌ನ ಸಾಲಿನಿಂದ ಪಕ್ಕಕ್ಕೆ ನಿಲ್ಲುವುದು, ಎರಡೂ ಅಭ್ಯಾಸವಾಗಲಿ.

ಸ್ಪ್ರಿಂಗ್, ಅದರೊಳಗೆ ಕೂರುವ ಗೈಡ್ ಹೊರಬಂದ ಮೇಲೆ ಕಾಕಿಂಗ್ ಲಿವರ್‌ನ ಕೊಂಡಿ ಕಳಚಿ ಕಂಪ್ರೆಷನ್ ಟ್ಯೂಬ್ (ಒಳಗೆ ಪಿಸ್ಟನ್ ಓಡುವ ಕೊಳವೆ) ಮತ್ತು ಪಿಸ್ಟನ್ ಎಳೆಯಿರಿ. ಸೀಲ್‌ನ ಮುಖ ನೋಡಿ. ನಡುವೆ ಟ್ರಾನ್ಸ್‌ಫರ್ ಪೋರ್ಟ್‌ನ (ಗಾಳಿ ನಳಿಗೆಗೆ ದಾಟುವ ತೂತಿನ) ದುಂಡನೆಯ ಅಚ್ಚು ಮೂಡಿದ್ದರೆ ಪಿಸ್ಟನ್ ಗುದ್ದುತ್ತಿತ್ತು. ಅಂಚು ಕರಕಲಾಗಿದ್ದರೆ ಮುಂದೆ ಎಣ್ಣೆ ಹೋಗಿ ಉರಿದಿದೆ. ನೂರು ಬಾರ್‌ಗೆ ಗಾಳಿ ಅದುಮಿದರೆ ಸೈದ್ಧಾಂತಿಕವಾಗಿ ಅದರ ಬಿಸಿ 800 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಿಜದಲ್ಲಿ ಅಷ್ಟು ಮುಟ್ಟದಿದ್ದರೂ ಸಾಮಾನ್ಯ ಎಣ್ಣೆ ಹೊತ್ತಿಕೊಳ್ಳಲು ಧಾರಾಳ ಸಾಕು.

ಸ್ಪ್ರಿಂಗ್‌ನ ಲೆಕ್ಕ

ಬದಲಿ ಸ್ಪ್ರಿಂಗ್ ಕೊಳ್ಳುವಾಗ ಉದ್ದವನ್ನೊಂದೇ ಕೇಳುವುದು ರೂಢಿ. ಉದ್ದಕ್ಕಿಂತ ತಂತಿಯ ದಪ್ಪ ಮುಖ್ಯ. ಸ್ಪ್ರಿಂಗ್‌ನ ಬಿಗಿ ತಂತಿ ವ್ಯಾಸದ ನಾಲ್ಕನೇ ಘಾತದ ಜೊತೆ ಏರುತ್ತದೆ. ಸುರುಳಿಯ ಸರಾಸರಿ ವ್ಯಾಸದ ಘನ ಮತ್ತು ಕೆಲಸ ಮಾಡುವ ಸುತ್ತುಗಳ ಸಂಖ್ಯೆ ಹೆಚ್ಚಾದರೆ ಇಳಿಯುತ್ತದೆ. ಪೂರ್ತಿ ಸೂತ್ರ: ತಂತಿಯ ವ್ಯಾಸದ ನಾಲ್ಕನೇ ಘಾತವನ್ನು 79,000ದಿಂದ ಗುಣಿಸಿ, ಬಂದದ್ದನ್ನು 8, ಸರಾಸರಿ ವ್ಯಾಸದ ಘನ, ಸುತ್ತುಗಳು ಇವುಗಳ ಗುಣಲಬ್ಧದಿಂದ ಭಾಗಿಸಿ. ಅಳತೆ ಮಿಮೀಯಲ್ಲಿದ್ದರೆ ಉತ್ತರ ಪ್ರತಿ ಮಿಮೀಗೆ ಇಷ್ಟು ನ್ಯೂಟನ್ ಎಂದು ಬರುತ್ತದೆ.

ತಂತಿ 3.0 ಮಿಮೀ, ಹೊರವ್ಯಾಸ 20 ಮಿಮೀ, ಒಟ್ಟು 34 ಸುತ್ತು, ಅದರಲ್ಲಿ ತುದಿಯ ಎರಡು ಮಲಗಿದವು, ಬಿಡಿಯಾಗಿಟ್ಟಾಗ ಉದ್ದ 230 ಮಿಮೀ ಇರಲಿ. ಬಿಗಿ ಮಿಮೀಗೆ 5.09 ನ್ಯೂಟನ್. ತಂತಿ 3.1 ಮಿಮೀ ಆಗಿ ಉಳಿದದ್ದೆಲ್ಲ ಹಾಗೆಯೇ ಇದ್ದರೆ 5.90. ಒಂದು ಕೂದಲೆಳೆ ದಪ್ಪಕ್ಕೆ 16 ಶೇಕಡ ಏರಿಕೆ. ವರ್ನಿಯರ್‌ನಲ್ಲಿ ತಂತಿ ಅಳೆಯುವಾಗ ಬಣ್ಣ, ಗ್ರೀಸ್ ಒರೆಸಿ ಮೂರು ಕಡೆ ಅಳೆಯಿರಿ ಎನ್ನುವುದು ಇದಕ್ಕೇ.

ಸೂತ್ರದ ಮೇಲೆ ನಂಬಿಕೆ ಇಲ್ಲದಿದ್ದರೆ ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನು ಡ್ರಿಲ್ ಪ್ರೆಸ್ ಕೆಳಗಿಟ್ಟು ಅಳೆಯಬಹುದು. ಸ್ಪ್ರಿಂಗ್ ಒಳಗೆ ಸರಳು ಹಾಕಲೇಬೇಕು, ಇಲ್ಲವಾದರೆ ಬಾಗಿ ಚಿಮ್ಮುತ್ತದೆ. 40 ಮಿಮೀ ಒತ್ತಿದಾಗಿನ ತೂಕ ಮತ್ತು 80 ಮಿಮೀ ಒತ್ತಿದಾಗಿನ ತೂಕ ಇವೆರಡರ ವ್ಯತ್ಯಾಸವನ್ನು 9.81ರಿಂದ ಗುಣಿಸಿ 40ರಿಂದ ಭಾಗಿಸಿ. ಮೇಲಿನ ಸ್ಪ್ರಿಂಗ್‌ಗೆ ವ್ಯತ್ಯಾಸ 20.7 ಕೆಜಿ ಆಸುಪಾಸು ಬರಬೇಕು.

ಇನ್ನು ಪ್ರೀಲೋಡ್. ಕಾಕ್ ಮಾಡದೆ ಸುಮ್ಮನಿರುವಾಗಲೂ ಸ್ಪ್ರಿಂಗ್ ಎಷ್ಟು ಮಿಮೀ ಅದುಮಿಕೊಂಡಿದೆ ಎಂಬುದು ಅದು. 40 ಮಿಮೀ ಎಂದಿಟ್ಟುಕೊಂಡರೆ ಕಾಕ್ ಆದಾಗ 121 ಮಿಮೀ. ಎರಡರ ವರ್ಗಗಳ ವ್ಯತ್ಯಾಸವನ್ನು ಬಿಗಿಯ ಅರ್ಧದಿಂದ ಗುಣಿಸಿ 1,000ದಿಂದ ಭಾಗಿಸಿದರೆ ಕೂಡಿಟ್ಟ ಶಕ್ತಿ 33.2 ಜೂಲ್. ಇದರಲ್ಲಿ ಪೆಲೆಟ್‌ಗೆ ಸಿಗುವುದು ಹೆಚ್ಚುಕಡಿಮೆ ಮೂರನೇ ಒಂದು ಭಾಗ. 35 ಶೇಕಡ ಹಿಡಿದರೆ 11.6 ಜೂಲ್, 8.44 ಗ್ರೇನ್ ಪೆಲೆಟ್‌ಗೆ ಸೆಕೆಂಡಿಗೆ 206 ಮೀಟರ್. ಪ್ರೀಲೋಡ್ 5 ಮಿಮೀ ಹೆಚ್ಚಿಸಿದರೆ ಸೇರುವುದು 2.06 ಜೂಲ್, ಪೆಲೆಟ್‌ವರೆಗೆ ತಲುಪುವುದು ಮುಕ್ಕಾಲು ಜೂಲ್‌ಗೂ ಕಡಿಮೆ. ವಾಷರ್ ಮೇಲೆ ವಾಷರ್ ಹಾಕಿ ಪವಾಡ ನಿರೀಕ್ಷಿಸುವವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಸುತ್ತುಗಳು ಒಂದಕ್ಕೊಂದು ತಾಗಿ ಗಟ್ಟಿಯಾಗುವ ಜಾಗವನ್ನೂ ನೋಡಿ. 34 ಸುತ್ತು, 3.0 ಮಿಮೀ ತಂತಿ, ಪೂರ್ತಿ ಅದುಮಿದಾಗ 102 ಮಿಮೀ. ಕಾಕ್ ಆದಾಗ ಸ್ಪ್ರಿಂಗ್‌ಗೆ ಉಳಿಯುವ ಜಾಗ 109. ಬಿಡುವು 7 ಮಿಮೀ. ಇದು 3 ಮಿಮೀಗಿಂತ ಕಡಿಮೆಯಾದರೆ ಅಪಾಯ: ಪಿಸ್ಟನ್ ಹಿಡಿದಿಡುವ ಕೊಕ್ಕೆಯಾದ ಸಿಯರ್ ಕಚ್ಚುವ ಮೊದಲೇ ಸ್ಪ್ರಿಂಗ್ ಗಟ್ಟಿಯಾಗಿ ಲಿವರ್ ಮುಂದೆ ಹೋಗದೆ ನಿಲ್ಲಬಹುದು. ಆಗ ಲಿವರ್ ಮೇಲೆ ಮೈಭಾರ ಹಾಕಿದರೆ ಬಾಗುವುದು ಲಿವರ್.

ಸುತ್ತು ಕತ್ತರಿಸಿದರೆ ಏನಾಗುತ್ತದೆ ಎಂಬುದರಲ್ಲಿ ಗೊಂದಲ ಜಾಸ್ತಿ. ಎರಡು ಸುತ್ತು ಕಡಿದರೆ ಉಳಿದ ಸ್ಪ್ರಿಂಗ್ ಗಟ್ಟಿಯಾಗುತ್ತದೆ, 5.09 ಇದ್ದದ್ದು 5.43. ಆದರೆ ಸುತ್ತಿಗೆ 7 ಮಿಮೀಯಂತೆ 14 ಮಿಮೀ ಪ್ರೀಲೋಡ್ ಹೋಯಿತು. ಲೆಕ್ಕ ಹಾಕಿದರೆ ಶಕ್ತಿ 29.2 ಜೂಲ್‌ಗೆ ಇಳಿಯುತ್ತದೆ. ಕಾಕ್ ಮಾಡಲು ಆರಂಭದಲ್ಲಿ ಹಗುರ, ಕೊನೆಗೆ ಹೆಚ್ಚುಕಡಿಮೆ ಮೊದಲಿನಷ್ಟೇ. ಶಕ್ತಿ ಇಳಿಸಬೇಕೆಂದರೆ ಇದು ಸರಿಯಾದ ದಾರಿ. ಕಡಿದ ತುದಿಯನ್ನು ಕೆಂಪಗೆ ಕಾಯಿಸಿ ಪಕ್ಕದ ಸುತ್ತಿನ ಮೇಲೆ ಮಲಗಿಸಿ, ತಾನಾಗಿ ಆರಲು ಬಿಟ್ಟು, ಗ್ರೈಂಡರ್‌ನಲ್ಲಿ ಚಪ್ಪಟೆ ಮಾಡಿ. ಕಾವು ಕೊನೆಯ ಒಂದು ಸುತ್ತನ್ನು ದಾಟಬಾರದು. ಅದರ ಕೆಳಗೆ ಒದ್ದೆ ಬಟ್ಟೆ ಸುತ್ತಿದರೆ ಒಳ್ಳೆಯದು. ಕೆಲಸ ಮುಗಿದ ಮೇಲೆ ಗಾಜಿನ ಮೇಲೆ ಉರುಳಿಸಿ ನೋಡಿ. ಒಲೆದಾಡುತ್ತಾ ಉರುಳುವ ಸ್ಪ್ರಿಂಗ್ ಗೈಡ್‌ಗೆ ಉಜ್ಜುತ್ತದೆ, ರೈಫಲ್‌ನ ಒಳಗೆ ಕರಕರ ಎನ್ನುತ್ತದೆ.

ಪಿಸ್ಟನ್ ತೂಕ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಪಿಸ್ಟನ್, ಸೀಲ್, ಪಿಸ್ಟನ್ ಒಳಗೆ ಸ್ಪ್ರಿಂಗ್‌ನ ಮುಂದಿನ ತುದಿಗೆ ಕೂರುವ ಟೋಪಿಯಂಥ ತುಂಡಾದ ಟಾಪ್ ಹ್ಯಾಟ್ ಮೂರನ್ನೂ ಸೇರಿಸಿ ತೂಗಿ. 250 ಗ್ರಾಂ ಬಂತೆನ್ನಿ. ಸ್ಪ್ರಿಂಗ್ ಕೂಡ ಜೊತೆಯಲ್ಲಿ ಓಡುತ್ತದೆ, ಆದರೆ ಅದರ ಹಿಂದಿನ ತುದಿ ನಿಂತಿರುತ್ತದೆ, ಮುಂದಿನ ತುದಿ ಮಾತ್ರ ಪಿಸ್ಟನ್ ವೇಗದಲ್ಲಿ ಹೋಗುತ್ತದೆ. ಆದ್ದರಿಂದ ಚಲನಶಕ್ತಿಯ ಲೆಕ್ಕಕ್ಕೆ ಸ್ಪ್ರಿಂಗ್ ತೂಕದ ಮೂರನೇ ಒಂದು ಭಾಗ, ಒದೆತದ ಲೆಕ್ಕಕ್ಕೆ ಅರ್ಧ ಭಾಗ ಸೇರಿಸಬೇಕು. ನಮ್ಮ ಸ್ಪ್ರಿಂಗ್ 100 ಗ್ರಾಂ ಇದೆ. ಅಂದರೆ ಮೊದಲನೆಯದಕ್ಕೆ 283, ಎರಡನೆಯದಕ್ಕೆ 300 ಗ್ರಾಂ.

ಗಾಳಿಯ ತಡೆಯನ್ನು ಬಿಟ್ಟು, ಅದೇ 33.2 ಜೂಲ್‌ನಲ್ಲಿ ಮೂರು ತೂಕಗಳನ್ನು ಹೋಲಿಸಿ ನೋಡೋಣ. 190 ಗ್ರಾಂ ಪಿಸ್ಟನ್ 8.2 ಮಿಲಿಸೆಕೆಂಡ್‌ನಲ್ಲಿ ಓಟ ಮುಗಿಸುತ್ತದೆ, ಕೊನೆಯ ವೇಗ ಸೆಕೆಂಡಿಗೆ 17.2 ಮೀಟರ್. 250 ಗ್ರಾಂನದು 9.2 ಮಿಲಿಸೆಕೆಂಡ್, 15.3 ಮೀಟರ್. 330 ಗ್ರಾಂನದು 10.4 ಮಿಲಿಸೆಕೆಂಡ್, 13.5 ಮೀಟರ್. ವೇಗ ಇಳಿಯುತ್ತಾ ಹೋದರೂ ಸಂವೇಗ (ಸ್ಪ್ರಿಂಗ್‌ನ ಮೂರನೇ ಒಂದು ಪಾಲು ಸೇರಿದ ತೂಕ ಗುಣಿಸು ವೇಗ) ಏರುತ್ತಿದೆ: 3.85, 4.34, 4.91. ಗಾಳಿಯ ಮೆತ್ತೆಯ ಎದುರು ನಿಲ್ಲುವ ತಾಕತ್ತು ಈ ಕೊನೆಯ ಅಂಕಿಯಲ್ಲಿದೆ. ಗಾಳಿಯ ತಡೆ ಸೇರಿದರೆ ನಿಜವಾದ ವೇಗಗಳು ಕಡಿಮೆ ಇರುತ್ತವೆ, ಮೂರರ ನಡುವಿನ ಕ್ರಮ ಹಾಗೆಯೇ ಇರುತ್ತದೆ.

ತೂಕ ಹೆಚ್ಚಿಸಿದ್ದಕ್ಕೆ ತೆರಬೇಕಾದ ಬೆಲೆ ಒದೆತ. ಪಿಸ್ಟನ್ ಮುಂದೆ ಓಡುವಷ್ಟು ಹೊತ್ತು ರೈಫಲ್ ಹಿಂದೆ ಸರಿಯುತ್ತದೆ. ಎಷ್ಟು ಎಂಬುದು ನೇರ ಲೆಕ್ಕ: ಓಡುವ ತೂಕವನ್ನು ಸ್ಟ್ರೋಕ್‌ನಿಂದ ಗುಣಿಸಿ ರೈಫಲ್‌ನ ಒಟ್ಟು ತೂಕದಿಂದ ಭಾಗಿಸಿ. ಹಗುರ ಪಿಸ್ಟನ್‌ಗೆ 4.3 ಮಿಮೀ, ನಡುವಿನದಕ್ಕೆ 5.4, ಭಾರದ್ದಕ್ಕೆ 6.8. ಇದಿಷ್ಟೂ ಪೆಲೆಟ್ ನಳಿಗೆಯಲ್ಲಿರುವಾಗಲೇ ಆಗುವುದು. ಸ್ಪ್ರಿಂಗ್ ಎಷ್ಟೇ ಬಲದ್ದಿರಲಿ, ಈ ದೂರ ಬದಲಾಗುವುದಿಲ್ಲ; ಆ ದೂರವನ್ನು ಎಷ್ಟು ಬೇಗ ಸರಿಯುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಇದು ಗೊತ್ತಿಲ್ಲದೆ ಒದೆತ ತಗ್ಗಿಸಲು ಸ್ಪ್ರಿಂಗ್ ಸಡಿಲಿಸುತ್ತಾ ಹೋಗುವವರಿದ್ದಾರೆ. ಶಕ್ತಿ ಕಳೆದುಕೊಳ್ಳುವುದು ಬಿಟ್ಟರೆ ಅವರಿಗೆ ಸಿಗುವುದು ಕಡಿಮೆ.

ಈ ಗೆರೆಯ ಎರಡೂ ತುದಿ ಬೇಡವೆಂಬುದು ನಮ್ಮ ಅಭಿಪ್ರಾಯ. 26 ಮಿಮೀ ಸಿಲಿಂಡರ್‌ನಲ್ಲಿ 11ರಿಂದ 15 ಜೂಲ್‌ಗೆ, 8.4 ಗ್ರೇನ್ ಪೆಲೆಟ್‌ಗೆ, ಪಿಸ್ಟನ್ ಜೋಡಣೆಯ ತೂಕ 220ರಿಂದ 270 ಗ್ರಾಂ ನಡುವೆ ಹುಡುಕುವುದು ಒಳ್ಳೆಯ ಆರಂಭ. ಅಲ್ಲಿಂದ ಹತ್ತಿಪ್ಪತ್ತು ಗ್ರಾಂ ಅತ್ತಿತ್ತ ಮಾಡುತ್ತಾ ಹೋಗಿ.

ತೂಕ ಬದಲಿಸುವ ಸುಲಭದ ಜಾಗ ಟಾಪ್ ಹ್ಯಾಟ್. 5 ಸಿಸಿ ಗಾತ್ರದ್ದನ್ನು ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮಾಡಿದರೆ 7 ಗ್ರಾಂ, ಉಕ್ಕಿನಲ್ಲಿ ಮಾಡಿದರೆ 39 ಗ್ರಾಂ. ಗಾತ್ರ, ಅಂಚಿನ ದಪ್ಪ ಎರಡೂ ಅದೇ ಆಗಿರುವುದರಿಂದ ಪ್ರೀಲೋಡ್ ಕದಲುವುದಿಲ್ಲ. ಪೀಣ್ಯದಂಥ ಕಡೆ ಸಣ್ಣ ಲೇತ್ ಅಂಗಡಿಗಳಲ್ಲಿ ಟರ್ನರ್‌ಗೆ ಚಿತ್ರ ಬರೆದುಕೊಟ್ಟರೆ ಎರಡೂ ಬಗೆಯದನ್ನು ಒಟ್ಟಿಗೆ ಮಾಡಿಸಿಕೊಳ್ಳಬಹುದು. ಚಿತ್ರದಲ್ಲಿ ಸ್ಪ್ರಿಂಗ್‌ನ ಒಳವ್ಯಾಸಕ್ಕಿಂತ 0.2 ಮಿಮೀ ಕಡಿಮೆ ಎಂದು ಬರೆಯಿರಿ. ಮೂಲೆಗಳನ್ನು ದುಂಡಗೆ ಮಾಡಲು ಮರೆಯದೆ ಹೇಳಿ, ಹರಿತ ಮೂಲೆ ಸ್ಪ್ರಿಂಗ್ ತುದಿಯನ್ನು ಕೆರೆದು ಉಕ್ಕಿನ ಪುಡಿ ಉದುರಿಸುತ್ತದೆ.

ವಾಷರ್ ಹಾಕಿ ತೂಕ ಹೆಚ್ಚಿಸುವುದರಲ್ಲಿ ಒಂದು ಬಲೆ ಇದೆ. 19 ಮಿಮೀ ಹೊರವ್ಯಾಸ, 10.5 ಮಿಮೀ ತೂತು, 2 ಮಿಮೀ ದಪ್ಪದ ಉಕ್ಕಿನ ವಾಷರ್ ಬರೀ 3 ಗ್ರಾಂ. ಆದರೆ ಅದರ ಜೊತೆ 2 ಮಿಮೀ ಪ್ರೀಲೋಡ್ ಸೇರಿ 0.8 ಜೂಲ್ ಹೆಚ್ಚು ಕೂಡಿಟ್ಟ ಹಾಗಾಯಿತು. ವೇಗ ಏರಿದ್ದು ತೂಕದಿಂದಲೇ ಎಂದು ನಂಬಿಕೊಂಡು ಮುಂದೆ ಹೋದರೆ ಆ ಮೇಲಿನ ಲೆಕ್ಕವೆಲ್ಲ ತಪ್ಪುತ್ತದೆ. ತೂಕದ ಪರಿಣಾಮ ಮಾತ್ರ ನೋಡಬೇಕಿದ್ದರೆ ಮುಂದೆ ಹಾಕಿದಷ್ಟು ದಪ್ಪವನ್ನು ಹಿಂದೆ ಗೈಡ್‌ನ ಬುಡದಿಂದ ತೆಗೆಯಿರಿ.

ತೂಕ ಇಳಿಸಲು ಪಿಸ್ಟನ್‌ನನ್ನೇ ಕೊರೆಯಲು ಹೊರಟರೆ ಜೋಕೆ. ಹಿಂದಿನ ಪೊಳ್ಳು ಭಾಗದಲ್ಲಿ ದುಂಡನೆಯ ತೂತು ಕೊರೆದು ಅಂಚು ನಯಗೊಳಿಸಬಹುದು. ಲಿವರ್‌ನ ಕೊಂಡಿ ತಾಗುವ ಸೀಳಿನ ಅಕ್ಕಪಕ್ಕ, ಸಿಯರ್ ಕಚ್ಚುವ ನಡುಗಂಬಿಯ ತುದಿ, ಈ ಎರಡು ಕಡೆ ಫೈಲ್ ಕೂಡ ಮುಟ್ಟಿಸಬಾರದು. ಕಂಬಿಯ ತುದಿ ಗಡಸು ಮಾಡಿದ್ದು. ಆ ಪದರ ತೆಗೆದರೆ ಒಂದು ದಿನ ಲಿವರ್ ತೆರೆದಿರುವಾಗಲೇ ಸಿಯರ್ ಜಾರುತ್ತದೆ. ಆಗ ಬೆರಳು ಕಂಪ್ರೆಷನ್ ಟ್ಯೂಬ್ ಎದುರು ಇದ್ದರೆ ಉಳಿಯುವುದಿಲ್ಲ. ಅಂಡರ್‌ಲಿವರ್‌ನಲ್ಲಿ ಪೆಲೆಟ್ ತುಂಬುವಾಗ ಇನ್ನೊಂದು ಕೈಯಲ್ಲಿ ಲಿವರ್ ಹಿಡಿದೇ ಇರಬೇಕು ಎನ್ನುವುದೂ ಇದೇ ಕಾರಣಕ್ಕೆ.

ಸೀಲ್, ಗೈಡ್, ಗ್ರೀಸ್

ತೂಕ, ಬಲ ಎರಡೂ ಸರಿಯಿದ್ದು ಸೀಲ್ ಬಿಗಿಯಾದರೆ ಎಲ್ಲ ವ್ಯರ್ಥ. ಸ್ಪ್ರಿಂಗ್ ಇಲ್ಲದೆ ಪಿಸ್ಟನ್ ಒಂದನ್ನೇ ಸಿಲಿಂಡರ್‌ಗೆ ಹಾಕಿ ಹೆಬ್ಬೆರಳಿನಿಂದ ತಳ್ಳಿ ನೋಡಿ. ತನ್ನ ತೂಕಕ್ಕೇ ಜಾರಿದರೆ ಸಡಿಲ. ಅಂಗೈ ಊರಬೇಕಾಗಿ ಬಂದರೆ ಬಿಗಿ. ಬಿಗಿಯಾದದ್ದನ್ನು ಲೇತ್‌ನಲ್ಲಿ ನಿಧಾನ ತಿರುಗಿಸುತ್ತಾ 400 ನಂಬರ್ ಎಮರಿ ಪೇಪರ್‌ನಲ್ಲಿ ತೇಯ್ದು, ಮುಂದಿನ ತುಟಿಯ ಅಂಚು ಸಿಲಿಂಡರ್‌ಗಿಂತ 0.1 ಮಿಮೀ ದೊಡ್ಡದಾಗಿ ಉಳಿಸಿ. ಆಮೇಲೆ ಟ್ರಾನ್ಸ್‌ಫರ್ ಪೋರ್ಟ್ ಬೆರಳಿನಿಂದ ಮುಚ್ಚಿ ಪಿಸ್ಟನ್ ಒತ್ತಿ ಬಿಡಿ. ಪುಟಿದು ವಾಪಸ್ ಬಂದರೆ ಸೀಲ್ ಗಾಳಿ ಹಿಡಿಯುತ್ತಿದೆ.

ಗೈಡ್ ಸ್ಪ್ರಿಂಗ್‌ಗೆ ಮೆಲ್ಲಗೆ ತಿರುಪಿ ಕೂರಿಸುವಷ್ಟು ಬಿಗಿ ಇರಬೇಕು. ಕಾರ್ಖಾನೆಯ ಲೋಹದ ಗೈಡ್‌ನಲ್ಲಿ ಸಡಿಲು ಉಳಿದು, ಹೊಡೆತದ ನಂತರ ಝುಂಯ್ ಎಂದು ನಡುಗುವ ಸದ್ದು ಬರುವುದು ಸಾಮಾನ್ಯ. ಡೆಲ್ರಿನ್ ಗೈಡ್ ಹಾಕಿದರೆ ಅದು ಬಹುಪಾಲು ಹೋಗುತ್ತದೆ. ಸ್ಪ್ರಿಂಗ್ ಹಿಗ್ಗುವಾಗ ತುಸು ತಿರುಗುತ್ತದೆ ಕೂಡ, ಅದಕ್ಕೆ ದಾರಿ ಕೊಡಲು ಗೈಡ್ ಬುಡದಲ್ಲಿ ಪಾಲಿಶ್ ಮಾಡಿದ ತೆಳು ವಾಷರ್ ಒಂದು ಸಾಕು.

ಪಿಸ್ಟನ್‌ನ ಹಿಂಭಾಗಕ್ಕೆ, ಕೊಂಡಿ ಉಜ್ಜುವ ಕಡೆಗೆ ಮಾಲಿಬ್ಡಿನಂ ಪೇಸ್ಟ್ ತೆಳುವಾಗಿ. ಸೀಲ್‌ನ ಮುಂದೆ ಏನೂ ಬೇಡ. ಸ್ಪ್ರಿಂಗ್‌ಗೆ ಅಂಟು ಗ್ರೀಸ್ ಹಚ್ಚುವುದಾದರೆ ಸುತ್ತುಗಳ ಹೊರಮೈಗೆ ಮಾತ್ರ, ಒರೆಸಿದಂತೆ. ಜಾಸ್ತಿ ಹಚ್ಚಿದರೆ ಸದ್ದು ಸಾಯುತ್ತದೆ, ಜೊತೆಗೆ ವೇಗವೂ. ಡಿಸೆಂಬರ್‌ನ ಮಡಿಕೇರಿ ಬೆಳಗಿನಲ್ಲಿ ಇದೇ ಗ್ರೀಸ್ ಗಟ್ಟಿಯಾಗಿ ಮೊದಲ ಕೆಲವು ಹೊಡೆತ ಕೆಳಗೆ ಬೀಳುತ್ತವೆ. ಏಪ್ರಿಲ್‌ನ ಮಂಗಳೂರಿನಲ್ಲಿ ಕರಗಿ ಮುಂದೆ ಹರಿದು ಹೊಗೆಯಾಡುತ್ತದೆ. ಊರು ನೋಡಿ ಗ್ರೀಸ್ ಹಚ್ಚಿ.

ಜೋಡಿಸಿ ಹೊಡೆದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರೀಲೋಡ್ ಕದಲಿಸದೆ ಮೊದಲು ಡೆಲ್ರಿನ್ ಟಾಪ್ ಹ್ಯಾಟ್, ಆಮೇಲೆ ಉಕ್ಕಿನದು. ಪ್ರತಿ ಜೋಡಣೆಯ ನಂತರ ಇಪ್ಪತ್ತು ಮೂವತ್ತು ಹೊಡೆತ ಲೆಕ್ಕಕ್ಕೆ ಹಿಡಿಯಬೇಡಿ. ಸೀಲ್ ಕೂರಬೇಕು, ಅಂಚಿಗೆ ಹೋದ ಗ್ರೀಸ್ ಉರಿದು ಮುಗಿಯಬೇಕು. ಆ ಹೊತ್ತಿನ ವೇಗ ನಿಜಕ್ಕಿಂತ ಹೆಚ್ಚಿರುತ್ತದೆ, ಅದನ್ನು ನೋಡಿ ಖುಷಿಪಡುವುದು ಬೇಡ.

ಆಮೇಲೆ ಮೂರು ಪೆಲೆಟ್‌ಗಳನ್ನೂ ಹೊಡೆದು ಮೊದಲ ಪಟ್ಟಿಯ ಪಕ್ಕ ಇಡಿ. ಉಕ್ಕಿನ ಟಾಪ್ ಹ್ಯಾಟ್‌ನಲ್ಲಿ 10.34 ಗ್ರೇನ್‌ನ ಶಕ್ತಿ ಏರಿ 7.87ರದ್ದು ಇದ್ದಲ್ಲೇ ಇದ್ದರೆ ಮೊದಲು ಪುಟಿತ ಹೆಚ್ಚಿತ್ತು, ತೂಕ ಸೇರಿಸಿದ್ದು ಸರಿ. ಮೂರರಲ್ಲೂ ಶಕ್ತಿ ಏರಲಿಲ್ಲ, ಆದರೆ ಹೊಡೆತದ ಕೊನೆಗೆ ಮುಂದಕ್ಕೆ ಚುರುಕಾದ ತಟ್ಟು, ಲೋಹದ ಠಣ್ ಸದ್ದು ಶುರುವಾಯಿತು ಎಂದರೆ ಗುದ್ದು ಬಂದಿದೆ. 15ರಿಂದ 20 ಗ್ರಾಂ ವಾಪಸ್ ತೆಗೆಯಿರಿ. ಇನ್ನೊಂದು ಲಕ್ಷಣವಿದೆ: ವೇಗ ಚೆನ್ನಾಗಿದೆ, ಹತ್ತು ಹೊಡೆತಗಳ ಅಂತರವೂ ಕಡಿಮೆ, ಆದರೆ ಭುಜಕ್ಕೆ ಎರಡು ಸಲ ನೂಕಿದ ಹಾಗೆ ಆಗುತ್ತದೆ. ಅದು ಪುಟಿದ ಪಿಸ್ಟನ್ ಮತ್ತೆ ಬಂದು ಕೂರುವ ಸದ್ದಿಲ್ಲದ ಪೆಟ್ಟು. ಆಗ ತೂಕ ಮುಟ್ಟುವ ಮೊದಲು ಪ್ರೀಲೋಡ್ 3 ಮಿಮೀ ಇಳಿಸಿ ನೋಡಿ. ಎಷ್ಟೋ ಸಲ ವೇಗ ಸೆಕೆಂಡಿಗೆ ಎರಡು ಮೂರು ಮೀಟರ್ ಮಾತ್ರ ಕಡಿಮೆಯಾಗಿ ಆ ನೂಕು ಪೂರ್ತಿ ಹೋಗುತ್ತದೆ.

ಸಾಧಾರಣವಾಗಿ ಪೆಲೆಟ್‌ನ ಬಿಗಿಯೂ ಉತ್ತರದ ಒಂದು ಭಾಗ. ಒಂದೇ ಹೆಸರಿನ ಪೆಲೆಟ್ 4.50, 4.51, 4.52 ಮಿಮೀ ತಲೆಯಲ್ಲಿ ಸಿಗುತ್ತದೆ. ತಲೆ ಸಡಿಲವಾದರೆ ಒತ್ತಡ ಕಟ್ಟುವ ಮೊದಲೇ ಪೆಲೆಟ್ ಹೊರಡುತ್ತದೆ, ಪಿಸ್ಟನ್ ಗುದ್ದುತ್ತದೆ. ಪಿಸ್ಟನ್ ಮೇಲೆ ಆರೋಪ ಹೊರಿಸುವ ಮೊದಲು ಒಂದು ಅಳತೆ ದೊಡ್ಡ ತಲೆಯ ಡಬ್ಬಿಯಲ್ಲೂ ಪರೀಕ್ಷೆ ಮಾಡಿ. ಪೆಲೆಟ್ ಇಲ್ಲದೆ ಹೊಡೆಯುವುದಂತೂ ಬೇಡವೇ ಬೇಡ. ಮೆತ್ತೆ ಇಲ್ಲದ ಆ ಗುದ್ದು ಸೀಲ್‌ಗೆ, ಸ್ಪ್ರಿಂಗ್‌ಗೆ, ಟ್ಯೂಬ್‌ನ ಬೆಸುಗೆಗೆ ಏಕಕಾಲಕ್ಕೆ ಬೀಳುತ್ತದೆ.

ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಹೊಡೆತಗಳಲ್ಲಿ ಒಂದಿಷ್ಟು ಉದ್ದ ಕಳೆದುಕೊಂಡು ಅಲ್ಲಿಗೆ ನಿಲ್ಲುತ್ತದೆ. 5 ಮಿಮೀ ಕುಗ್ಗಿದರೂ ಪೆಲೆಟ್‌ನಲ್ಲಿ ಇಳಿಯುವುದು ಮೇಲೆ ಹೇಳಿದ ಮುಕ್ಕಾಲು ಜೂಲ್‌ನೊಳಗೆ. ಆದ್ದರಿಂದ ಆರಂಭದಲ್ಲೇ 20 ಜೂಲ್‌ನ ಗೆರೆಗೆ ಅಂಟಿಸಿ ಆಮೇಲೆ ಇಳಿಯುತ್ತದೆ ಎಂದು ಬಿಡಬೇಡಿ. ಐನೂರು ಹೊಡೆತದ ನಂತರ ಮೂರು ಪೆಲೆಟ್‌ಗಳಲ್ಲೂ ಮತ್ತೊಮ್ಮೆ ಕ್ರೋನೋಗ್ರಾಫ್ ಹಿಡಿದು, ಅತಿ ಹೆಚ್ಚು ಶಕ್ತಿ ಕೊಟ್ಟ ಪೆಲೆಟ್‌ನ ಅಂಕಿಯನ್ನೇ ರೈಫಲ್‌ನ ಶಕ್ತಿಯೆಂದು ಬರೆದಿಡಿ. ಅದರ ಜೊತೆ ತಂತಿಯ ವ್ಯಾಸ, ಸುತ್ತು, ಪ್ರೀಲೋಡ್, ಪಿಸ್ಟನ್ ಜೋಡಣೆಯ ತೂಕ ಇವು ಇದ್ದರೆ ಮುಂದಿನ ಸಲ ಸ್ಪ್ರಿಂಗ್ ಮುರಿದಾಗ ಹೊಸದನ್ನು ನೇರವಾಗಿ ಆರಿಸಿಕೊಳ್ಳಬಹುದು.